ಪೈಪಿನ ಬಟ್ಟಲಲ್ಲಿ ಎಷ್ಟು ಮಸಿ ಉಳಿಸಬೇಕು?

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯ ಹಳೇ ಮನೆಗಳ ಅಟ್ಟ ತಡಕಿದರೆ ಮಣ್ಣಿನ ಚಿಲುಮೆ ಇನ್ನೂ ಸಿಕ್ಕೀತು, ಮರದ ಪೈಪು ಸಿಗುವುದು ಅಪರೂಪ. ಆಂಧ್ರದ ಗಡಿಗೆ ಅಂಟಿಕೊಂಡ, ಮಾತಿನ ಮಧ್ಯೆ ಕನ್ನಡ ಯಾವಾಗ ತೆಲುಗಾಯಿತೆಂದು ಗೊತ್ತೇ ಆಗದ ಈ ಸೀಮೆಯಲ್ಲಿ ಹೊಗೆಸೊಪ್ಪು ಎಂದರೆ ಬೀಡಿ, ಚುಟ್ಟಾ, ಇಲ್ಲವೇ ಚಿಲುಮೆ. ಪೈಪು ದೊರೆಗಳ ಸೊತ್ತು. ಗೌರಿಬಿದನೂರು 2007ರವರೆಗೂ ಕೋಲಾರ ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಚಿನ್ನದ ಗಣಿಗಳಲ್ಲಿ, ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬುಗಳಿದ್ದವು. ಪೈಪು ಅಂಥ ಕಡೆಯ ವಸ್ತು. ಆಮೇಲೆ ಅದನ್ನು ನಮಗೆ ತೋರಿಸಿದ್ದು ಸಿನಿಮಾ. ಗೌನು ತೊಟ್ಟು, ಪೈಪು ಕಚ್ಚಿಕೊಂಡು ಮಹಡಿ ಮೆಟ್ಟಿಲಿಳಿದು ಬರುವ ಶ್ರೀಮಂತ ಅಪ್ಪ ಯಾರಿಗೆ ನೆನಪಿಲ್ಲ? ಆ ಅಪ್ಪ ಪೈಪನ್ನು ಶುಚಿ ಮಾಡಿದ್ದನ್ನು ಮಾತ್ರ ನಾನಂತೂ ತೆರೆಯ ಮೇಲೆ ಕಂಡಿಲ್ಲ.

ಚಿಲುಮೆಯ ಶುಚಿ ಸುಲಭ. ಅದು ಮೇಲೆ ಅಗಲ, ಕೆಳಗೆ ಕಿರಿದಾದ ನೇರ ಕೊಳವೆ. ಹೊಗೆಸೊಪ್ಪು ಬಾಯಿಗೆ ಜಾರದಂತೆ ಒಳಗೊಂದು ಸಣ್ಣ ಕಲ್ಲು, ತುಟಿ ಸುಡದಂತೆ ತುದಿಗೆ ಒದ್ದೆ ಬಟ್ಟೆ. ಕಿಟ್ಟ ಕಟ್ಟಿದರೆ ಕಲ್ಲು ತೆಗೆದು, ಹಳೇ ಬಟ್ಟೆಯ ಉದ್ದ ಚೂರನ್ನು ಹುರಿ ಮಾಡಿ ಒಳಗೆ ತೂರಿಸಿ, ಒಂದು ತುದಿಯನ್ನು ಕಾಲ್ಬೆರಳಲ್ಲಿ ಅದುಮಿ, ಇನ್ನೊಂದನ್ನು ಕೈಯಲ್ಲಿ ಬಿಗಿ ಹಿಡಿದು ಚಿಲುಮೆಯನ್ನೇ ಮೇಲೆ ಕೆಳಗೆ ಓಡಿಸಿದರಾಯಿತು. ಅದಕ್ಕೂ ಬಗ್ಗದಿದ್ದರೆ ಒಲೆಯ ಕೆಂಡದಲ್ಲಿ ಹೂತರೆ ಕಿಟ್ಟವೆಲ್ಲ ಉರಿದುಹೋಗಿ ಬರೀ ಮಣ್ಣು ಉಳಿಯುತ್ತದೆ. ಬೆಂಕಿಯಲ್ಲೇ ಹುಟ್ಟಿದ ವಸ್ತುವಿಗೆ ಬೆಂಕಿಯ ಭಯವೇನು?

ಮರಕ್ಕೆ ಆ ಭಾಗ್ಯವಿಲ್ಲ. ಸುಡುವ ವಸ್ತುವಿನಲ್ಲೇ ಕೆಂಡ ಇಟ್ಟುಕೊಳ್ಳುವ ವಿಚಿತ್ರ ಉಪಕರಣ ಪೈಪು. ಒಳ್ಳೆಯ ಪೈಪುಗಳಿಗೆ ಬಳಸುವ ಬ್ರಯರ್, ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು. ಅದನ್ನು ಗಂಟೆಗಟ್ಟಲೆ ನೀರಿನಲ್ಲಿ ಬೇಯಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಕೊರೆಯುವುದು. ಫ್ರಾನ್ಸಿನ ಸೇಂಟ್ ಕ್ಲಾಡ್ ಎಂಬ ಬೆಟ್ಟದೂರು 19ನೇ ಶತಮಾನದ ನಡುವಿನಿಂದ ಈ ಕಸುಬಿಗೇ ಹೆಸರಾಯಿತು. ಇಷ್ಟೆಲ್ಲ ಮಾಡಿದರೂ ಆ ಮರ ಸುಡುವುದಿಲ್ಲ ಎಂದೇನಿಲ್ಲ. ಅದನ್ನು ಕಾಯುವುದು ಸೇದುತ್ತ ಸೇದುತ್ತ ಬಟ್ಟಲಿನ ಒಳಗೋಡೆಗೆ ಕಟ್ಟುವ ಕರಿಯ ಇದ್ದಿಲ ಪದರ. ದೋಸೆ ಕಾವಲಿ ಪಳಗುವ ಹಾಗೆ ಬಟ್ಟಲೂ ಪಳಗಬೇಕು. ಕಾವಲಿಯನ್ನು ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿಟ್ಟ ಹೊಸ ಸೊಸೆಗೆ ಮರುದಿನದ ದೋಸೆಯೇ ಬುದ್ಧಿ ಹೇಳುತ್ತದಲ್ಲ, ಇಲ್ಲಿಯೂ ಅದೇ ಕತೆ.

ಹಾಗೆಂದು ಪದರ ಬೆಳೆಯಲೂ ಬಿಡುವಂತಿಲ್ಲ. ಬಿಸಿಯಾದಾಗ ಇದ್ದಿಲು ಹಿಗ್ಗುವ ರೀತಿ ಬೇರೆ, ಮರ ಹಿಗ್ಗುವ ರೀತಿ ಬೇರೆ. ಪದರ ದಪ್ಪವಾದರೆ ಒಳಗಿಂದ ಒತ್ತಿ ಬಟ್ಟಲನ್ನೇ ಸೀಳುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ದಪ್ಪ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್, ಇದ್ದರೆ ಸಾಕು. ಹೆಚ್ಚಾದದ್ದನ್ನು ಹೆರೆಯಲು ತಿರುಗಿಸುವ ಅಲಗುಳ್ಳ ಸಣ್ಣ ಉಪಕರಣವಿದೆ. ಅದು ಇಲ್ಲದವರು ಚಾಕುವಿಗೆ ಕೈ ಹಾಕುತ್ತಾರೆ. ಮೊನೆ ತಳಕ್ಕೆ ನಾಟಿ ಮರ ಗಾಯವಾಗುತ್ತದೆ, ಮುಂದಿನ ಬೆಂಕಿ ಸರಿಯಾಗಿ ಅಲ್ಲೇ ಕೂರುತ್ತದೆ. ಒರಟು ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ನಿಧಾನವಾಗಿ ತಿರುಗಿಸುವುದು ಮೇಲು.

ಬಟ್ಟಲಿಗಿಂತ ಕೊಳಕು ಹೆಚ್ಚಿರುವುದು ಬಟ್ಟಲಿನ ಕೆಳಗಿನ ಕಿರಿದಾದ ದಾರಿಯಲ್ಲಿ. ಹೊಗೆ ಅಲ್ಲಿ ತಣಿದು, ನೀರೂ ಟಾರೂ ಸೇರಿ ಕಾಕಂಬಿಯ ಬಣ್ಣದ ಅಂಟು ನಿಲ್ಲುತ್ತದೆ. ಗೊರಗೊರ ಸದ್ದು, ಬಾಯಿಗೆ ಬರುವ ಕಹಿ ಎರಡೂ ಅದರದೇ ಕೊಡುಗೆ. ಪೈಪು ಪೂರ್ತಿ ತಣಿದ ಮೇಲಷ್ಟೇ ಬಾಯಿಕೊಳವೆಯನ್ನು ತಿರುಗಿಸಿ ಬಿಡಿಸಬೇಕು. ಬಿಸಿಯಲ್ಲಿ ಬಿಡಿಸಿದರೆ ಸೇರುವ ಜಾಗ ಸಡಿಲವಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಹತ್ತಿ ಸುತ್ತಿದ ತಂತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬಿಳಿಯಾಗಿ ಹೊರಬರುವವರೆಗೂ ಹಾಯಿಸಬೇಕು. ವಾಸನೆ ಹಿಡಿದ ಬಟ್ಟಲಿಗೆ ಹತ್ತಿ ತುಂಬಿ, ನಾಲ್ಕು ಹನಿ ಸ್ಪಿರಿಟ್ ಬಿಟ್ಟು, ರಾತ್ರಿಯೆಲ್ಲ ಇಡುತ್ತಾರೆ; ಬೆಳಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹತ್ತಿಯ ಬದಲು ಕಲ್ಲುಪ್ಪು ಹಾಕುವವರೂ ಇದ್ದಾರೆ. ಉಪ್ಪು ಕೊಳವೆಯ ಬುಡಕ್ಕಿಳಿದು ಮರವನ್ನು ಬಿರಿಸಿದ ದೂರುಗಳಿವೆ, ಆದ್ದರಿಂದ ನನ್ನ ಮತ ಹತ್ತಿಗೆ. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕುವ ಯೋಚನೆ ಮಾತ್ರ ಬೇಡ.

ಪೈಪು ಸೇದಿದ ದೊಡ್ಡ ಮನುಷ್ಯರೆಲ್ಲ ಅದನ್ನು ಜೋಪಾನ ಮಾಡಿದರೆಂದೇನೂ ಇಲ್ಲ. ಐನ್‌ಸ್ಟೈನ್‌ರ ಒಂದು ಪೈಪು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಕಚ್ಚಿ ಕಚ್ಚಿ ಬಾಯಿಕೊಳವೆ ತೂತು ಬಿದ್ದಿದೆ. ಶುಚಿಯ ಗೊಡವೆಯೇ ಬೇಡ ಎನ್ನುವವರಿಗೂ ಅದೇ ದೇಶ ಒಂದು ಉಪಾಯ ಕಂಡುಹಿಡಿಯಿತು. ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡನ್ನು ಕೊರೆದು ಪೈಪು ಮಾಡಿ, ಕೊಳೆಯಾದಾಗ ಎಸೆಯುವುದು. ಮಿಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಈ ವ್ಯಾಪಾರ ನಡೆದಿದೆ, ಜನರಲ್ ಮೆಕಾರ್ಥರ್ ಬಾಯಲ್ಲಿದ್ದದ್ದೂ ಇದೇ ಜಾತಿ. ಗೌರಿಬಿದನೂರು ಕಡೆಯ ಹೊಲಗಳಲ್ಲಿ ಅಂಥ ದಿಂಡು ರಾಶಿ ರಾಶಿ ಒಲೆಗೆ ಹೋಗುತ್ತದೆ. ಹೋಗಲಿ, ಅದೇ ಒಳ್ಳೆಯದು.

ಒಳ್ಳೆಯದು ಎಂದಿದ್ದು ಸುಮ್ಮನಲ್ಲ. ಪೈಪು ಸೇದುವವರ ತುಟಿಗೆ ಕ್ಯಾನ್ಸರ್ ಬರುವುದನ್ನು ಜರ್ಮನ್ ವೈದ್ಯ ಸೋಮರಿಂಗ್ 1795ರಲ್ಲೇ ಗುರುತಿಸಿದ್ದ. ಬಟ್ಟಲು ಎಷ್ಟೇ ಶುಚಿಯಾಗಿದ್ದರೂ ಹೊಗೆ ಶುಚಿಯಾಗುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ 2008ರ ಅಕ್ಟೋಬರ್ 2ರಿಂದ ದೇಶಾದ್ಯಂತ ಬಿಗಿಯಾಯಿತು, ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾವನ್ನೂ ನಿಷೇಧಿಸಿತು. ಬೀದರಿನ ಕುಶಲಕರ್ಮಿಗಳು ಬೆಳ್ಳಿ ಕೂರಿಸಿ ಮಾಡಿದ ಹುಕ್ಕಾ ಬುಡಗಳು ಇಂದು ಲಂಡನ್, ನ್ಯೂಯಾರ್ಕ್ ಮ್ಯೂಸಿಯಮ್ಮುಗಳಲ್ಲಿ ಗಾಜಿನ ಹಿಂದೆ ಕುಳಿತಿವೆ. ನೋಡಲು ಚೆಂದ, ಯಾರಿಗೂ ಕೆಡುಕಿಲ್ಲ.

ತಾತನದೋ, ಮಿಲಿಟರಿಯಲ್ಲಿದ್ದ ದೊಡ್ಡಪ್ಪನದೋ ಪೈಪು ನಿಮ್ಮ ಟ್ರಂಕಿನಲ್ಲಿದ್ದರೆ ಅದನ್ನೂ ಹಾಗೆಯೇ ಇಡಿ. ಒಳಗಿನ ಕಪ್ಪು ಪದರ ಪೂರ್ತಿ ಕೆರೆಯಬೇಡಿ, ವಸ್ತುವಿನ ಆಯುಸ್ಸು ಅದರಲ್ಲಿದೆ. ಸ್ಪಿರಿಟ್ ಹೊರಮೈಗೆ ತಾಗಿದರೆ ಪಾಲಿಶ್ ಕಿತ್ತುಬರುತ್ತದೆ. ಕಪ್ಪು ರಬ್ಬರಿನ ಬಾಯಿಕೊಳವೆ ಬಿಸಿಲಿಗೆ ಕಂದುಗಟ್ಟುವುದರಿಂದ ಕಿಟಕಿಯ ಬಳಿ ಇಡಬೇಡಿ. ಒರೆಸಿದ ಹತ್ತಿಯಲ್ಲಿ ನಿಕೋಟಿನ್ ಇರುತ್ತದೆ, ಅದು ವಿಷ. ಕಾಗದದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.