‘ನನಗೆ’ ಇರುವಲ್ಲಿ ‘ಇಂಗ್’ ಏಕೆ ಬೇಡ?



ಬಾಳೆಹೊನ್ನೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕುಳಿತಿದ್ದಾನೆ ಎಂದುಕೊಳ್ಳಿ. ಊರು, ಮನೆಯ ವಿಚಾರ ಕೇಳುತ್ತಾರೆ. ‘ಐ ಆ್ಯಮ್ ಬಿಲಾಂಗಿಂಗ್ ಟು ಬಾಳೆಹೊನ್ನೂರು. ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್. ಐ ಆ್ಯಮ್ ನೋಯಿಂಗ್ ಥ್ರೀ ಲ್ಯಾಂಗ್ವೇಜಸ್’ ಎಂದು ಧೈರ್ಯವಾಗಿಯೇ ಉತ್ತರಿಸುತ್ತಾನೆ. ಅರ್ಥವೇನೋ ಎಲ್ಲರಿಗೂ ಆಗುತ್ತದೆ. ಆದರೆ ಮೂರು ವಾಕ್ಯಗಳಲ್ಲೂ ಇರುವುದು ಒಂದೇ ತಪ್ಪು. ದೇಶದ ಉದ್ದಗಲಕ್ಕೂ ಕೇಳಿಬರುವ ಈ ಬಳಕೆಯನ್ನೇ ಹಿಡಿದು ನಿಸ್ಸಿಮ್ ಎಜೆಕಿಯಲ್ ಅವರು ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ನಗೆಗವಿತೆ ಬರೆದರು. ಕವಿತೆಯಲ್ಲಾದರೆ ನಗಬಹುದು, ಸಂದರ್ಶನದಲ್ಲಿ ನಗೆಗೀಡಾಗುವವರು ನಾವು.

ರನ್, ರೈಟ್, ಈಟ್ ಮುಂತಾದ ಕ್ರಿಯಾಪದಗಳು ಕೆಲಸವನ್ನು ಹೇಳುತ್ತವೆ. ಕೆಲಸ ಶುರುವಾಗುತ್ತದೆ, ನಡೆಯುತ್ತದೆ, ನಿಲ್ಲುತ್ತದೆ. ಅದು ನಡೆಯುತ್ತಿರುವ ಹೊತ್ತನ್ನು ಸೂಚಿಸಲು ‘ಇಂಗ್’ ಬೇಕು. ನೋ, ಹ್ಯಾವ್, ವಾಂಟ್, ಲೈಕ್, ಬಿಲಾಂಗ್ ಇವು ಹಾಗಲ್ಲ. ಇರುವ ಸ್ಥಿತಿಯನ್ನು ಹೇಳುತ್ತವೆ. ಇಬ್ಬರು ತಂಗಿಯರಿರುವುದು ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸವಲ್ಲ. ಆದ್ದರಿಂದ ‘ಐ ಹ್ಯಾವ್ ಟೂ ಸಿಸ್ಟರ್ಸ್’ ಎಂದರೆ ಸಾಕು.

ಇಂಥ ಪದಗಳ ಉದ್ದನೆಯ ಪಟ್ಟಿ ಉರುಹೊಡೆಯುವ ಮೊದಲು ಕನ್ನಡದ ಕಡೆಗೊಮ್ಮೆ ನೋಡಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಇಬ್ಬರು ತಂಗಿಯರಿದ್ದಾರೆ. ಎಲ್ಲೂ ‘ನಾನು’ ಇಲ್ಲ, ‘ನನಗೆ’ ಇದೆ. ಮಾಡುವವನಿಗೆ ‘ನಾನು’, ಸ್ಥಿತಿಗೆ ಒಳಗಾದವನಿಗೆ ‘ನನಗೆ’ ಎಂದು ನಮ್ಮ ಭಾಷೆ ಬಹುಮಟ್ಟಿಗೆ ಬೇರೆ ಮಾಡಿಯೇ ಇಟ್ಟಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಐ’ ಒಂದೇ. ಗುರುತು ಅಳಿಸಿಹೋಗುತ್ತದೆ, ನಾವು ಎಡವುತ್ತೇವೆ.

‘ನಾನು ರೇಡಿಯೋ ಕೇಳುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ಲಿಸನಿಂಗ್’. ‘ನನಗೆ ಮಳೆಯ ಸದ್ದು ಕೇಳಿಸುತ್ತಿದೆ’ ಎಂಬಲ್ಲಿಯೂ ‘ಉತ್ತಿದೆ’ ಇದೆಯೆಂದು ‘ಐ ಆ್ಯಮ್ ಹಿಯರಿಂಗ್’ ಎಂದುಬಿಟ್ಟೀರಿ! ಅಲ್ಲಿ ‘ನನಗೆ’ ಇರುವುದನ್ನು ಗಮನಿಸಿ. ‘ಐ ಕ್ಯಾನ್ ಹಿಯರ್ ದ ರೇನ್’ ಎನ್ನಿ.

ಆದರೆ ಈ ಕೀಲಿ ಎಲ್ಲ ಬೀಗಗಳಿಗೂ ಹೊಂದುವುದಿಲ್ಲ. ‘ನಾನು ನಂಬುತ್ತೇನೆ’ ಎಂಬಲ್ಲಿ ‘ನಾನು’ ಇದ್ದರೂ ಬಿಲೀವ್ ಸ್ಥಿತಿಯೇ. ‘ನಾನು ಬಾಳೆಹೊನ್ನೂರಿನವನು’ ಎಂಬಲ್ಲಿ ಕ್ರಿಯಾಪದವೇ ಇಲ್ಲ!

ಒಂದೇ ಪದ ಎರಡೂ ಕಡೆ ನಿಲ್ಲುವುದೂ ಉಂಟು. ಬಾಳೆಹೊನ್ನೂರು ಕಾಫಿಯ ಸೀಮೆ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದು. ಆದ್ದರಿಂದ ಕಾಫಿಯನ್ನೇ ತೆಗೆದುಕೊಳ್ಳೋಣ. ‘ಶೀ ಈಸ್ ಟೇಸ್ಟಿಂಗ್ ದ ಕಾಫಿ’ ಎಂದರೆ ಅವಳು ರುಚಿ ನೋಡುತ್ತಿದ್ದಾಳೆ, ಅದು ಕೆಲಸ. ‘ದ ಕಾಫಿ ಟೇಸ್ಟ್ಸ್ ಬಿಟರ್’ ಎಂದರೆ ಕಾಫಿ ಕಹಿಯಾಗಿದೆ. ಕಾಫಿ ತಾನಾಗಿ ಏನನ್ನೂ ಮಾಡುತ್ತಿಲ್ಲ. ವ್ಯಾಪಾರಿ ಮೂಟೆಯನ್ನು ತೂಗುತ್ತಿದ್ದರೆ ‘ಹೀ ಈಸ್ ವೇಯಿಂಗ್’. ಮೂಟೆಯ ತೂಕ 50 ಕಿಲೋ ಎನ್ನಲು ‘ಇಟ್ ವೇಸ್ ಫಿಫ್ಟಿ ಕಿಲೋಸ್’. ಇನ್ನು ‘ಐ ಆ್ಯಮ್ ಹ್ಯಾವಿಂಗ್ ಕಾಫಿ’ ಸರಿಯಾದ ವಾಕ್ಯವೇ, ಏಕೆಂದರೆ ಅಲ್ಲಿ ಹ್ಯಾವ್ ಎಂದರೆ ಕುಡಿಯುವುದು.

ಮೆಕ್‌ಡೊನಾಲ್ಡ್ಸ್ 2003ರಲ್ಲಿ ‘ಐಯಾಮ್ ಲವಿನ್ ಇಟ್’ ಎಂದು ಜಾಹೀರಾತು ಮಾಡಿತಲ್ಲ ಎಂದು ನೀವು ಕೇಳಬಹುದು. ಲವ್ ಎಂಬ ಸ್ಥಿತಿಯನ್ನು ಈ ಕ್ಷಣದ ಸವಿಯನ್ನಾಗಿ ಮಾಡಿದ ಚಮತ್ಕಾರ ಅದು. ಗೆಳೆಯರ ನಡುವೆ ನಡೆಯುತ್ತದೆ. ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋದೀತು.

ಈಗ ನಿಮ್ಮ ಸರದಿ. ಬಾಳೆಹೊನ್ನೂರು ಭದ್ರಾ ನದಿಯ ದಡದಲ್ಲಿದೆ. ಹುಡುಗನೊಬ್ಬ ಭದ್ರಾ ನದಿಯ ದಡದಲ್ಲಿ ಮಲಗಿದ್ದಾನೆ. ಎರಡಕ್ಕೂ ‘ಲೈ’ ಎಂಬ ಪದವನ್ನೇ ಬಳಸಿ ಇಂಗ್ಲಿಷಿನಲ್ಲಿ ಬರೆಯಿರಿ. ಮಳೆ ಬಂದರೆ ಇವರಿಬ್ಬರಲ್ಲಿ ಯಾರು ಎದ್ದು ಹೋಗುತ್ತಾರೆ ಎಂದು ಯೋಚಿಸಿ, ಬಳಿಕ ‘ಇಂಗ್’ ಹಚ್ಚಿ.