ಶೂನ್ಯ ಟಿಕೆಟ್ ಯಾಕೆ ಹರೀತಾರೆ?

ನಮ್ಮ ಕ್ಲಾಸಿನ ಹುಡುಗಿಯರು ಸರ್ಕಾರಿ ಬಸ್ಸಲ್ಲಿ ದುಡ್ಡು ಕೊಡಬೇಕಾಗಿಲ್ಲ, ಆದ್ರೂ ಕಂಡಕ್ಟರ್ ಟಿಕೆಟ್ ಕೊಡ್ತಾರೆ. ಫ್ರೀ ಅಂದ ಮೇಲೆ ಟಿಕೆಟ್ ಯಾಕೆ?

ಸರ್ಕಾರದ ಕೈಲಿರೋ ನೀತಿ ಸಾಧನಗಳನ್ನು ಕ್ರಿಸ್ಟೋಫರ್ ಹುಡ್ 1983ರಲ್ಲಿ ನಾಲ್ಕಾಗಿ ವಿಂಗಡಿಸಿದರು: ಮಾಹಿತಿ, ಅಧಿಕಾರ, ಹಣ, ಸಂಘಟನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ನಾಲ್ಕೂ ಇವೆ. ರಾಜ್ಯದ ಮಹಿಳೆಯರಿಗೆ ಮಾತ್ರ, ಐಷಾರಾಮಿ ಬಸ್ಸಿಗಿಲ್ಲ ಅನ್ನೋ ನಿಯಮ ಅಧಿಕಾರ. ನಿಗಮಗಳಿಗೆ ಸರ್ಕಾರ ತುಂಬಿಕೊಡೋದು ಹಣ. ಬಸ್ಸು, ಡ್ರೈವರ್, ಕಂಡಕ್ಟರ್ ಸಂಘಟನೆ. ಶೂನ್ಯ ಟಿಕೆಟ್ಟೇ ಮಾಹಿತಿ: ಎಷ್ಟು ಜನ ಓಡಾಡಿದರು, ನಿಗಮಕ್ಕೆ ಎಷ್ಟು ಬರಬೇಕು ಅನ್ನೋ ಲೆಕ್ಕಕ್ಕೆ ಅದೇ ಆಧಾರ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಸೆನ್ಸರ್. ಆದರೆ ಯಾವ ಸೆನ್ಸರ್ ಆದರೂ ತನ್ನ ಮುಂದೆ ಬಂದಿದ್ದನ್ನಷ್ಟೇ ಅಳೆಯುತ್ತೆ. ರಶ್ಶಿನಲ್ಲಿ ಹತ್ತಲಾಗದೆ ಸ್ಟಾಪಲ್ಲೇ ಉಳಿದವರು ಈ ಲೆಕ್ಕಕ್ಕೆ ಬರಲ್ಲ. ದಿನಕ್ಕೆ ಒಂದೇ ಬಸ್ಸಿರೋ ಹಳ್ಳಿಯಲ್ಲಿ ಟಿಕೆಟ್ ಕಡಿಮೆ ಹರಿದರೆ, ಅಲ್ಲಿ ಬೇಡಿಕೆಯೇ ಇಲ್ಲ ಅಂತ ಓದಿಕೊಳ್ಳೋ ಅಪಾಯ ಇದೆ. ಬಸ್ಸೇ ಬಾರದ ಊರಲ್ಲಂತೂ ಶೂನ್ಯ ಟಿಕೆಟ್ಟಿನ ಲೆಕ್ಕವೂ ಶೂನ್ಯ.

ಹಾಗಾಗಿ ಒಳ್ಳೆ ಡಿಸೈನ್‌ಗೆ ಎರಡನೇ ಸೆನ್ಸರ್ ಬೇಕು: ಸ್ಟಾಪಿನಲ್ಲಿ ಎಷ್ಟು ಜನ, ಎಷ್ಟು ಹೊತ್ತು ಕಾಯ್ತಾರೆ ಅನ್ನೋ ಎಣಿಕೆ. ಪ್ರಾಜೆಕ್ಟ್ ಹುಡುಕ್ತಿರೋ ಸಿವಿಲ್‌ನವರೇ, ನಮ್ಮ ಗೇಟಿನ ಸ್ಟಾಪಿಂದಲೇ ಶುರು ಮಾಡೋಣ್ವಾ?