ಹಾಸಿಗೆ ಮೀರಿ ಕಾಲು ಚಾಚಿದರೆ ದಂಡ: ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳ ಸಂಬಳದ ಲೆಕ್ಕ

2012ರ ಅಕ್ಟೋಬರ್ 27. ಅಮೆರಿಕದ ಒಕ್ಲಹೋಮಾ ಸಿಟಿಯ ಬಾಸ್ಕೆಟ್‌ಬಾಲ್ ಅಭಿಮಾನಿಗಳಿಗೆ ಅಂದು ನಂಬಲಾಗದ ಸುದ್ದಿಯೊಂದು ಬಂತು. ಅವರ ತಂಡ ‘ಥಂಡರ್’, ಜೇಮ್ಸ್ ಹಾರ್ಡನ್ ಎಂಬ 23ರ ಹರೆಯದ ಆಟಗಾರನನ್ನು ಹ್ಯೂಸ್ಟನ್ ರಾಕೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಹೊಸ ಋತು ಆರಂಭವಾಗಲು ಮೂರೇ ದಿನ ಬಾಕಿ ಇತ್ತು.

ಹಾರ್ಡನ್ ಆಟ ಮರೆತವನಲ್ಲ, ಗಾಯಗೊಂಡು ಕೂತವನೂ ಅಲ್ಲ. ಅದೇ ವರ್ಷ ಜೂನ್‌ನಲ್ಲಿ ಥಂಡರ್ ತಂಡ ಲೀಗಿನ ಅಂತಿಮ ಸರಣಿಯವರೆಗೆ ಹೋಗಿ ಮಯಾಮಿ ಹೀಟ್ ಎದುರು ಸೋತಿತ್ತು. ಕೆವಿನ್ ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಹಾರ್ಡನ್, ಈ ಮೂವರಲ್ಲಿ ಯಾರಿಗೂ 25 ತುಂಬಿರಲಿಲ್ಲ. ಮುಂದಿನ ಹತ್ತು ವರ್ಷ ಇವರದೇ ಎಂದು ಊರೆಲ್ಲ ನಂಬಿತ್ತು. ಹಾಗಿದ್ದೂ ತಂಡ ಒಬ್ಬನನ್ನು ಕಳುಹಿಸಿದ್ದೇಕೆ? ಉತ್ತರ ಅಂಗಳದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಅದರ ಹೆಸರು ಲಗ್ಜುರಿ ಟ್ಯಾಕ್ಸ್, ಅಂದರೆ ಐಷಾರಾಮಿ ತೆರಿಗೆ.

ಐಪಿಎಲ್ ಚೀಲವೇ ಬೇರೆ

ನಮ್ಮ ಓದುಗರಿಗೆ ಐಪಿಎಲ್ ಹರಾಜು ಹೊಸದಲ್ಲ. 2025ರ ಪಂದ್ಯಾವಳಿಗಾಗಿ ನಡೆದ ದೊಡ್ಡ ಹರಾಜಿನಲ್ಲಿ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿಯ ಚೀಲವಿತ್ತು. ಲಖನೌ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಉಳಿದವರನ್ನೆಲ್ಲ ಉಳಿದ ದುಡ್ಡಿನಲ್ಲೇ ಹೊಂದಿಸಬೇಕು. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಚೀಲ ಬರಿದಾದ ಮೇಲೆ ಕೈ ಎತ್ತುವಂತಿಲ್ಲ.

ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಪದ್ಧತಿಯೇ ಬೇರೆ. ಅಲ್ಲಿ 30 ತಂಡಗಳು. ಅಲ್ಲಿಯೂ ಸಂಬಳಕ್ಕೆ ಮಿತಿ ಇದೆ. ಆದರೆ ಅದು ಕಲ್ಲಿನ ಗೋಡೆಯಲ್ಲ, ಮುಳ್ಳಿನ ಬೇಲಿ. ದಾಟಬಹುದು, ದಾಟಿದರೆ ಮೈ ಕೈ ತರಚುತ್ತದೆ.

ಈ ಮಿತಿ ಆರಂಭವಾದದ್ದು 1984-85ರ ಋತುವಿನಲ್ಲಿ. ಆಗ ಒಂದು ತಂಡಕ್ಕೆ 36 ಲಕ್ಷ ಡಾಲರ್. ಲೀಗಿನ ಆದಾಯ ಬೆಳೆದಂತೆ ಮಿತಿಯೂ ಬೆಳೆದು 2025-26ರಲ್ಲಿ ಸುಮಾರು 15.46 ಕೋಟಿ ಡಾಲರ್ ಆಯಿತು. ಮಿತಿಯೊಂದಿಗೇ ಒಂದು ವಿನಾಯಿತಿಯೂ ಹುಟ್ಟಿತು. ತಾನೇ ಸಾಕಿಕೊಂಡ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿ ಮೀರಬಹುದು. ಬೋಸ್ಟನ್ ತಂಡದ ಹೆಸರಾಂತ ಆಟಗಾರ ಲ್ಯಾರಿ ಬರ್ಡ್ ಹೆಸರಿನಿಂದಲೇ ಈ ವಿನಾಯಿತಿಯನ್ನು ಕರೆಯುತ್ತಾರೆ. ಊರಿನ ಅಭಿಮಾನಿಗೆ ತನ್ನ ನೆಚ್ಚಿನ ಆಟಗಾರ ಕೈತಪ್ಪಬಾರದು ಎಂಬುದು ಇದರ ಹಿಂದಿನ ಆಶಯ.

ಆದರೆ ಸಿರಿವಂತ ತಂಡಗಳು ಇಂಥ ವಿನಾಯಿತಿಗಳ ಬಾಗಿಲಿನಿಂದಲೇ ಮಿತಿಯಾಚೆ ಬಹುದೂರ ನಡೆದುಹೋದವು. 1998-99ರಲ್ಲಿ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಜಗಳವಾಗಿ ಲೀಗಿಗೇ ಬೀಗ ಬಿತ್ತು, ಆ ಋತು 50 ಪಂದ್ಯಗಳಿಗೆ ಇಳಿಯಿತು. ರಾಜಿ ಒಪ್ಪಂದದಲ್ಲಿ ಬಂದದ್ದೇ ಐಷಾರಾಮಿ ತೆರಿಗೆ. ಮೊದಲ ಬಾರಿ ಅದನ್ನು ವಸೂಲು ಮಾಡಿದ್ದು 2002-03ರಲ್ಲಿ.

ತೆರಿಗೆಯ ಲೆಕ್ಕ ಹೇಗೆ?

ಸಂಬಳದ ಮಿತಿಯ ಮೇಲೆ ಇನ್ನೊಂದು ಗೆರೆ ಇದೆ, ಅದೇ ತೆರಿಗೆಯ ಗೆರೆ. 2025-26ರಲ್ಲಿ ಅದು ಸುಮಾರು 18.79 ಕೋಟಿ ಡಾಲರ್. ಮೊದಮೊದಲು ಗೆರೆ ದಾಟಿದ ಒಂದು ಡಾಲರ್‌ಗೆ ಒಂದು ಡಾಲರ್ ತೆರಿಗೆ ಇತ್ತು. 2011ರಲ್ಲಿ ಮತ್ತೆ ಲೀಗಿಗೆ ಬೀಗ ಬಿದ್ದು ಹೊಸ ಒಪ್ಪಂದವಾದಾಗ ತೆರಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲಾಯಿತು. 2013-14ರಿಂದ ಅದು ಜಾರಿಗೆ ಬಂತು.

ಒಂದು ಉದಾಹರಣೆ ನೋಡಿ. ತಂಡವೊಂದು ಆ ಹೊಸ ನಿಯಮದಡಿ ಗೆರೆಯನ್ನು 2 ಕೋಟಿ ಡಾಲರ್ ದಾಟಿತು ಎನ್ನೋಣ. ಮೊದಲ 50 ಲಕ್ಷಕ್ಕೆ ಡಾಲರ್ ಒಂದಕ್ಕೆ ಒಂದೂವರೆ ಡಾಲರ್ ದರ, ತೆರಿಗೆ 75 ಲಕ್ಷ. ಎರಡನೇ 50 ಲಕ್ಷಕ್ಕೆ ಒಂದೂಮುಕ್ಕಾಲು, ಅಂದರೆ 87.5 ಲಕ್ಷ. ಮೂರನೆಯದಕ್ಕೆ ಎರಡೂವರೆ, 1.25 ಕೋಟಿ. ನಾಲ್ಕನೆಯದಕ್ಕೆ ಮೂರೂಕಾಲು, 1.625 ಕೋಟಿ. ಒಟ್ಟು ತೆರಿಗೆ 4.5 ಕೋಟಿ. ಅಂದರೆ 2 ಕೋಟಿಯ ಆಟಗಾರ ಮಾಲೀಕನಿಗೆ ಬಿದ್ದದ್ದು 6.5 ಕೋಟಿಗೆ!

ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ತೆರಿಗೆ ಕಟ್ಟಿದ ತಂಡವಾದರೆ ಪ್ರತಿ ಮೆಟ್ಟಿಲಲ್ಲೂ ಇನ್ನೊಂದು ಡಾಲರ್ ಹೆಚ್ಚು. ಆಗ ಅದೇ ತೆರಿಗೆ 6.5 ಕೋಟಿ ಆಗುತ್ತದೆ. 2025-26ರಿಂದ ಮೇಲಿನ ಮೆಟ್ಟಿಲುಗಳ ದರವನ್ನು ಮತ್ತೆ ಏರಿಸಲಾಯಿತು. ಪದೇ ಪದೇ ಕಟ್ಟುವವರಿಗೆ ಮೊದಲ ಮೆಟ್ಟಿಲೇ ಡಾಲರ್‌ಗೆ ಮೂರು ಡಾಲರ್.

ವಸೂಲಾದ ತೆರಿಗೆಯಲ್ಲಿ ಅರ್ಧವನ್ನು ಗೆರೆಯೊಳಗೆ ಉಳಿದ ತಂಡಗಳಿಗೆ ಸಮನಾಗಿ ಹಂಚಲಾಗುತ್ತದೆ. ಹಾಗಾಗಿ ಒಂದೇ ಡಾಲರ್ ಗೆರೆ ದಾಟಿದರೂ ತಂಡಕ್ಕೆ ಈ ಪಾಲು ತಪ್ಪುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ, ಲೆಕ್ಕ ಹಿಡಿಯುವುದು ಲೀಗ್ ಹಂತದ ಕೊನೆಯ ದಿನದ ಸಂಬಳಪಟ್ಟಿಯ ಮೇಲೆ. ಆದ್ದರಿಂದಲೇ ಪ್ರತಿ ಫೆಬ್ರವರಿಯಲ್ಲಿ, ಅದಲುಬದಲಿನ ಗಡುವು ಮುಗಿಯುವ ಮುನ್ನ, ಕೆಲವು ತಂಡಗಳು ಬೆಂಚಿನ ಮೇಲಿನ ಆಟಗಾರರನ್ನು ಬೇರೆ ತಂಡಕ್ಕೆ ದಾಟಿಸಿ ಗೆರೆಯ ಕೆಳಗೆ ನುಸುಳುತ್ತವೆ.

ಹದಿನೈದು ಜನರ ಸಂಸಾರ

ಒಂದು ತಂಡದ ಪೂರ್ಣ ಒಪ್ಪಂದದ ಪಟ್ಟಿಯಲ್ಲಿ 15 ಜನರಿಗಷ್ಟೇ ಜಾಗ. ತಾರೆಯೊಬ್ಬನಿಗೆ, ಆತನ ಅನುಭವ ನೋಡಿ, ಸಂಬಳದ ಮಿತಿಯ ಶೇ. 25ರಿಂದ 35ರವರೆಗೆ ಕೊಡಬಹುದು. ಕನಿಷ್ಠ ಸಂಬಳಕ್ಕೆ ಆಡುವ ಹಿರಿಯರೂ ಇರುತ್ತಾರೆ. ತಂಡಕ್ಕೆ ನಿಜವಾದ ಲಾಭ ತರುವವರು ಹೊಸಬರು. ಪ್ರತಿ ವರ್ಷ ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಮೊದಲ ಸುತ್ತಿನಲ್ಲಿ ಬಂದ ಹುಡುಗನ ಸಂಬಳ ನಾಲ್ಕು ವರ್ಷ ಮೊದಲೇ ನಿಗದಿಯಾಗಿರುತ್ತದೆ. ಆತ ಎರಡನೇ ವರ್ಷವೇ ತಾರೆಯಾದರೂ ಸಂಬಳ ಬೆಳೆಯದು.

ಕಷ್ಟ ಬರುವುದು ಐದನೇ ವರ್ಷ. ಒಂದೇ ಕಾಲಕ್ಕೆ ಬಂದ ಹುಡುಗರು ಒಂದೇ ಕಾಲಕ್ಕೆ ದೊಡ್ಡ ಸಂಬಳ ಕೇಳುತ್ತಾರೆ. ಒಕ್ಲಹೋಮಾದಲ್ಲಿ ಆದದ್ದು ಅದೇ. ಡ್ಯುರಾಂಟ್ ಮತ್ತು ವೆಸ್ಟ್‌ಬ್ರೂಕ್ ಒಪ್ಪಂದಗಳು ಮುಗಿದಿದ್ದವು. 2012ರ ಆಗಸ್ಟ್‌ನಲ್ಲಿ ಸರ್ಜ್ ಇಬಾಕಾಗೂ ದೊಡ್ಡ ಒಪ್ಪಂದವಾಯಿತು. ಉಳಿದವನು ಹಾರ್ಡನ್. ಆತ ಕೇಳಿದ್ದಕ್ಕೂ ತಂಡ ಕೊಡಲು ಒಪ್ಪಿದ್ದಕ್ಕೂ ನಡುವೆ ಇದ್ದದ್ದು ಕೆಲವೇ ದಶಲಕ್ಷ ಡಾಲರ್ ಅಂತರ ಎಂದು ಆಗ ವರದಿಯಾಗಿತ್ತು. ಆದರೆ ಮುಂದಿನ ವರ್ಷವೇ ಹೊಸ ತೆರಿಗೆ ಕಾದು ನಿಂತಿತ್ತು. ಕೊಡಬೇಕಾದ ಪ್ರತಿ ಡಾಲರ್‌ನ ಹಿಂದೆ ಇನ್ನೆರಡು ಮೂರು ಡಾಲರ್ ಸಾಲು ಹಿಡಿದಿದ್ದವು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಂಥ ಪೇಟೆ ಒಕ್ಲಹೋಮಾ ಸಿಟಿಗಿಲ್ಲ. ತಂಡದ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಹಾರ್ಡನ್‌ನನ್ನು ಬಿಟ್ಟುಕೊಟ್ಟು ಇಬ್ಬರು ಆಟಗಾರರನ್ನೂ ಡ್ರಾಫ್ಟ್ ಸರದಿಗಳನ್ನೂ ಪಡೆದರು. ಹ್ಯೂಸ್ಟನ್ ಹಾರ್ಡನ್‌ಗೆ 5 ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟಿತು.

ಮುಂದೆ ಆದದ್ದೇನು? 2014ರಲ್ಲಿ ಡ್ಯುರಾಂಟ್, 2017ರಲ್ಲಿ ವೆಸ್ಟ್‌ಬ್ರೂಕ್, 2018ರಲ್ಲಿ ಹಾರ್ಡನ್, ಮೂವರೂ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಆದರೆ ಅವರ ಕಾಲದಲ್ಲಿ ಒಕ್ಲಹೋಮಾಗೆ ಒಂದು ಕಪ್ಪೂ ಬರಲಿಲ್ಲ. 2016ರಲ್ಲಿ ಡ್ಯುರಾಂಟ್ ತಾನಾಗಿಯೇ ಹೊರಟುಹೋದ.

ಕಟ್ಟಿ ಗೆದ್ದವರು, ಕಟ್ಟಿ ಸೋತವರು

ಹಾಗಾದರೆ ತೆರಿಗೆ ಕಟ್ಟಿದವರೆಲ್ಲ ಗೆದ್ದರೇ? ಇಲ್ಲ. ಬ್ರೂಕ್ಲಿನ್ ನೆಟ್ಸ್ 2013-14ರಲ್ಲಿ ಸುಮಾರು 9 ಕೋಟಿ ಡಾಲರ್ ತೆರಿಗೆ ಕಟ್ಟಿತು, ಎರಡನೇ ಸುತ್ತಿನಲ್ಲೇ ಮನೆಗೆ ಹೋಯಿತು. ವಯಸ್ಸಾದ ತಾರೆಗಳಿಗಾಗಿ ಅದು ಬೋಸ್ಟನ್‌ಗೆ ಕೊಟ್ಟ ಡ್ರಾಫ್ಟ್ ಸರದಿಗಳಿಂದಲೇ ಮುಂದೆ ಬೋಸ್ಟನ್‌ಗೆ ಜೇಲನ್ ಬ್ರೌನ್, ಜೇಸನ್ ಟೇಟಮ್ ದಕ್ಕಿದರು. ಇತ್ತ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2021-22ರಲ್ಲಿ ಸುಮಾರು 17 ಕೋಟಿ ಡಾಲರ್ ತೆರಿಗೆ ತೆತ್ತು ಕಪ್ ಎತ್ತಿತು.

ದುಡ್ಡಿಗೆ ಹೆದರದ ಮಾಲೀಕರನ್ನು ಕಂಡು ಲೀಗ್ 2023ರ ಒಪ್ಪಂದದಲ್ಲಿ ಇನ್ನೊಂದು ಗೆರೆ ಎಳೆಯಿತು. ಅಲ್ಲಿನವರ ಮಾತಿನಲ್ಲಿ ಅದು ‘ಸೆಕೆಂಡ್ ಏಪ್ರನ್’. 2025-26ರಲ್ಲಿ ಅದು ಸುಮಾರು 20.78 ಕೋಟಿ ಡಾಲರ್. ಇದನ್ನು ದಾಟಿದವರಿಗೆ ದಂಡದ ಜೊತೆಗೆ ಕೈಗೂ ಕಟ್ಟು. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ. ಅದಲುಬದಲಿನಲ್ಲಿ ಹಣ ಕೊಡುವಂತಿಲ್ಲ. ಏಳು ವರ್ಷದ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಸರದಿಯನ್ನು ಮಾರುವಂತಿಲ್ಲ.

ಪರಿಣಾಮ ಬೇಗನೇ ಕಾಣಿಸಿತು. ಫೀನಿಕ್ಸ್ ಸನ್ಸ್ 2024-25ರಲ್ಲಿ ಲೀಗಿನಲ್ಲೇ ಅತಿ ದೊಡ್ಡ ಸಂಬಳಪಟ್ಟಿ ಇಟ್ಟುಕೊಂಡು 36 ಗೆದ್ದು 46 ಸೋತಿತು. 2024ರ ಚಾಂಪಿಯನ್ ಬೋಸ್ಟನ್ ತಂಡದ 2025-26ರ ಸಂಬಳ ಮತ್ತು ತೆರಿಗೆ ಕೂಡಿ 50 ಕೋಟಿ ಡಾಲರ್ ಮೀರಬಹುದೆಂದು ಅಂದಾಜಿಸಲಾಗಿತ್ತು. 2025ರ ಬೇಸಿಗೆಯಲ್ಲಿ ಅದು ಕಪ್ ಗೆದ್ದ ತಂಡದ ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಬೇರೆಡೆಗೆ ಕಳುಹಿಸಿತು.

ಮತ್ತೆ ಅದೇ ಊರು, ಅದೇ ಪ್ರಶ್ನೆ

2025ರ ಜೂನ್‌ನಲ್ಲಿ ಒಕ್ಲಹೋಮಾ ಸಿಟಿ ಕೊನೆಗೂ ಕಪ್ ಗೆದ್ದಿತು. ವ್ಯವಸ್ಥಾಪಕರು ಅದೇ ಪ್ರೆಸ್ಟಿ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಶೇ ಗಿಲ್ಜಿಯಸ್-ಅಲೆಕ್ಸಾಂಡರ್‌ನನ್ನೂ ಡ್ರಾಫ್ಟ್ ಸರದಿಗಳ ರಾಶಿಯನ್ನೂ ತಂದಿದ್ದರು. ಅದರಲ್ಲೊಂದು ಸರದಿಯಿಂದ ಬಂದವನು ಜೇಲನ್ ವಿಲಿಯಮ್ಸ್. ಕಪ್ ಗೆದ್ದಾಗ ವಿಲಿಯಮ್ಸ್ ಮತ್ತು ಚೆಟ್ ಹೋಲ್ಮ್‌ಗ್ರೆನ್ ಇನ್ನೂ ಹೊಸಬರ ಸಂಬಳದಲ್ಲೇ ಇದ್ದರು. ಗೆಲುವಿನ ಗುಟ್ಟಿನಲ್ಲಿ ಅರ್ಧ ಅಲ್ಲೇ ಇತ್ತು.

ಮುಂದಿನ ತಿಂಗಳೇ ಮೂವರಿಗೂ ಹೊಸ ಒಪ್ಪಂದವಾಯಿತು. ಗಿಲ್ಜಿಯಸ್-ಅಲೆಕ್ಸಾಂಡರ್‌ಗೆ 4 ವರ್ಷಕ್ಕೆ 28.5 ಕೋಟಿ ಡಾಲರ್, ವರ್ಷಕ್ಕೆ ಸರಾಸರಿ 7 ಕೋಟಿಗೂ ಮೇಲೆ. ಉಳಿದಿಬ್ಬರ ದೊಡ್ಡ ಸಂಬಳ 2026-27ರಿಂದ, ಆತನ ಈ ಒಪ್ಪಂದ 2027-28ರಿಂದ ಎಣಿಕೆಗೆ ಬರುವಂಥದ್ದು. 2012ರಲ್ಲಿ ಕಳುಹಿಸಿದ ಮೂರನೆಯವನನ್ನು ಈ ಬಾರಿ ಉಳಿಸಿಕೊಂಡದ್ದಾಯಿತು. ಆದರೆ ಪಟ್ಟಿಯಲ್ಲಿ ಇನ್ನೂ 12 ಜನರಿದ್ದಾರೆ, ಗೆರೆಗಳು ಅಂದಿಗಿಂತ ಬಿಗಿಯಾಗಿವೆ. ಕೂಡಿಟ್ಟ ಡ್ರಾಫ್ಟ್ ಸರದಿಗಳಿಂದ ಅಗ್ಗದ ಹೊಸಬರು ಬರುತ್ತಲೇ ಇರಬೇಕು, ಇಲ್ಲವಾದರೆ ನಾಲ್ಕನೆಯವನಿಗೋ ಐದನೆಯವನಿಗೋ ಗಂಟು ಕಟ್ಟಿಕೊಡಬೇಕು.

ಸಿರಿವಂತ ಊರುಗಳು ಎಲ್ಲರನ್ನೂ ಕೊಂಡುಬಿಡಬಾರದು ಎಂದು ಮಾಡಿದ ಕಾನೂನು ಇದು. ಆ ಕೆಲಸವನ್ನು ಅದು ಮಾಡುತ್ತಿದೆ, ಸುಳ್ಳಲ್ಲ. ಆದರೆ ಸಣ್ಣ ಊರು ತಾನೇ ಸಾಕಿದ ಮಕ್ಕಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಹೊರಟಾಗಲೂ ಅದೇ ಕಾನೂನು ಅಷ್ಟೇ ತೆರಿಗೆ ಕೇಳುತ್ತದೆ. ಕೊಂಡು ತಂದವರು ಯಾರು, ಸಾಕಿ ಬೆಳೆಸಿದವರು ಯಾರು ಎಂದು ತೆರಿಗೆಯ ಗೆರೆ ಕೇಳುವುದಿಲ್ಲ.